ಓಟದ ಪಂದ್ಯದಲ್ಲಿ ನಡೆದವನು

ನಮ್ಮ ತರಗತಿಯ ಮಕ್ಕಳಲ್ಲಿ ಹಲವರ ತಂದೆಯರು ಈ ಮುಂಬಯಿಯಲ್ಲಿ ಟ್ಯಾಕ್ಸಿ, ಟೆಂಪೋ ನಡೆಸುವವರು. ಇರುಳೆಲ್ಲ ದುಡಿದು ಬೆಳಗಿನ ಹೊತ್ತಿಗೆ ಮನೆ ಸೇರುವವರು. ಆದುದರಿಂದ ಮೋಟಾರಿನ ಮಾತು ಬಂದಿತೆಂದರೆ ಕೊನೆಯ ಬೆಂಚೂ ಎಚ್ಚರಗೊಳ್ಳುತ್ತದೆ. ಫ್ರಾನ್ಸ್ ದೇಶದ ಲ ಮಾನ್ ಎಂಬ ಊರಿನಲ್ಲಿ ಜರುಗುವ 24 ಗಂಟೆಗಳ ಮೋಟಾರು ಪಂದ್ಯದ ಕಥೆಯನ್ನು ನಾವು ವರ್ಷಕ್ಕೊಮ್ಮೆಯಾದರೂ ಅವರಿಗೆ ಹೇಳುವುದುಂಟು. ಪಠ್ಯಪುಸ್ತಕದಲ್ಲಿ ಅದಿಲ್ಲ, ಮುಖ್ಯೋಪಾಧ್ಯಾಯರು ಮನ್ನಿಸಬೇಕು.

ಈ ಪಂದ್ಯವು 1923ರ ಮೇ ತಿಂಗಳಲ್ಲಿ ಮೊದಲಾಯಿತು. ಯಾರ ವಾಹನ ಅತಿ ವೇಗದ್ದೆಂಬುದಕ್ಕಿಂತ ಯಾರದು ಹಗಲಿರುಳು ಕೆಡದೆ ಓಡಬಲ್ಲದೆಂಬುದನ್ನು ಪರೀಕ್ಷಿಸುವುದೇ ಅದರ ಉದ್ದೇಶವಾಗಿತ್ತು. ಲಗಾಶ್ ಮತ್ತು ಲೆಯೊನಾರ್ ಎಂಬಿಬ್ಬರು ಸರದಿಯಂತೆ ನಡೆಸಿ, 2,200 ಕಿಲೋಮೀಟರುಗಳಿಗೂ ಹೆಚ್ಚು ಕ್ರಮಿಸಿ ಮುಂದಾದರು. ಆಗ ಸುತ್ತಿನ ಉದ್ದ 17 ಕಿಲೋಮೀಟರಿಗೂ ಮಿಗಿಲು. ಈಗ ಅದು 13.626 ಕಿಲೋಮೀಟರು. ಈ ಸುತ್ತಿನ ಬಹುಭಾಗ ಸಾರ್ವಜನಿಕ ರಸ್ತೆಯೇ ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

1955ರ ಜೂನ್ 11ರಂದು ಅಲ್ಲಿ ಘೋರವೊಂದು ಘಟಿಸಿತು. ದುರಸ್ತಿಯ ತಾಣಕ್ಕೂ ಓಟದ ದಾರಿಗೂ ನಡುವೆ ಗೋಡೆಯಿರಲಿಲ್ಲ. ತಾಣಕ್ಕೆ ಹೊರಳಲೆಂದು ಒಂದು ಕಾರು ವೇಗ ತಗ್ಗಿಸಲು, ಹಿಂದಿನದು ಪಕ್ಕಕ್ಕೆ ಸರಿಯಿತು. ಅದಕ್ಕೆ ಪಿಯೆರ್ ಲೆವೆಗ್ ನಡೆಸುತ್ತಿದ್ದ ಮರ್ಸಿಡಿಸ್ ಬಂದು ಬಡಿಯಿತು. ಅದರ ಬಿಡಿಭಾಗಗಳು ಜನಸಂದಣಿಯೊಳಗೆ ಸಿಡಿದು, ಲೆವೆಗನೂ 80ಕ್ಕೂ ಹೆಚ್ಚು ಪ್ರೇಕ್ಷಕರೂ ಮಡಿದರು. ಆದರೂ ಪಂದ್ಯವನ್ನು ನಿಲ್ಲಿಸಲಿಲ್ಲ. ಜನರೆಲ್ಲ ಒಮ್ಮೆಲೆ ಹೊರಟರೆ ಗಾಯಾಳುಗಳನ್ನು ಒಯ್ಯುವ ವಾಹನಗಳಿಗೆ ದಾರಿಯಿರದೆಂಬ ಕಾರಣ ಕೊಟ್ಟರಂತೆ. ಕಾರಣ ಸಲ್ಲುವಂಥದೇ ಇರಬಹುದು. ಶವಗಳ ಮಗ್ಗುಲಲ್ಲಿ ಮರುದಿನದವರೆಗೂ ಓಟ ನಡೆಯಿತೆಂಬುದು ಮಾತ್ರ ನಮ್ಮ ಮನಸ್ಸಿಗೆ ಇಂದಿಗೂ ಒಗ್ಗುವುದಿಲ್ಲ.

ಅನಂತರ ಆ ತಾಣವನ್ನು ಕೆಡವಿ ಹೊಸದಾಗಿ ಕಟ್ಟಿದರು. ಆದರೆ ಇನ್ನೊಂದು ಹಳೆಯ ಪದ್ಧತಿ ಹಾಗೆಯೇ ಉಳಿಯಿತು. ವಾಹನಗಳು ರಸ್ತೆಯ ಒಂದು ಬದಿಗೆ, ಚಾಲಕರು ಎದುರು ಬದಿಗೆ. ಬಾವುಟ ಇಳಿಯುತ್ತಲೇ ಎಲ್ಲರೂ ಓಡಿಹೋಗಿ ಒಳಗೆ ಹಾರಿ ಕುಳಿತು ಹೊರಡಬೇಕು. ನೋಡುವವರಿಗೆ ಬಲು ಸೊಗಸು. ಆ ಅವಸರದಲ್ಲಿ ಸೀಟಿನ ಬೆಲ್ಟನ್ನು ಬಿಗಿದುಕೊಳ್ಳುವ ವ್ಯವಧಾನ ಯಾರಿಗಿದ್ದೀತು?

ಈ ಮಾತು ಹೇಳುವಾಗ ಒಮ್ಮೆ ಒಬ್ಬ ಹುಡುಗನು ಎದ್ದುನಿಂತು, “ಸರ್, ನಮ್ಮಪ್ಪ ಪೊಲೀಸರು ಕಂಡಾಗ ಬೆಲ್ಟನ್ನು ಎದೆಯ ಮೇಲೆ ಎಳೆದುಕೊಳ್ಳುತ್ತಾರೆ, ಕೊಂಡಿ ಹಾಕುವುದಿಲ್ಲ” ಎಂದನು. ತರಗತಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಊರಿನಲ್ಲಿ ಲಾರಿ ನಡೆಸುತ್ತಿದ್ದ ನಮ್ಮ ಸೋದರಮಾವನವರೂ ಹಾಗೆಯೇ ಮಾಡುತ್ತಿದ್ದರು. ಘಟ್ಟದ ತಿರುವೊಂದರಲ್ಲಿ ಅವರು ತೀರಿಕೊಂಡಾಗ ನಾವು ಆ ಹುಡುಗನಷ್ಟೇ ದೊಡ್ಡವರು.

1969ರಲ್ಲಿ ಬೆಲ್ಜಿಯಮ್ಮಿನ ಜಾಕಿ ಇಕ್ಸ್ ಎಂಬ 24 ವರ್ಷದ ತರುಣನು ಈ ಪದ್ಧತಿಯನ್ನು ಪ್ರತಿಭಟಿಸಿದನು. ಭಾಷಣ ಮಾಡಲಿಲ್ಲ. ಬಾವುಟ ಇಳಿದಾಗ ಉಳಿದವರೆಲ್ಲ ಓಡುತ್ತಿರಲು ತಾನೊಬ್ಬನೇ ನಡೆದುಹೋದನು. ಸಾವಧಾನವಾಗಿ ಕುಳಿತು, ಬೆಲ್ಟನ್ನು ಬಿಗಿದುಕೊಂಡು, ಎಲ್ಲರಿಗಿಂತ ಹಿಂದೆ ಹೊರಟನು. ಆ ಮೊದಲ ಸುತ್ತಿನಲ್ಲಿಯೇ ಬೆಲ್ಟು ಕಟ್ಟದೆ ಹೊರಟಿದ್ದ ಜಾನ್ ವುಲ್ಫ್ ಎಂಬ ಆಂಗ್ಲ ಚಾಲಕನು ತನ್ನ ಪೋರ್ಷೆಯಿಂದ ಹೊರಗೆಸೆಯಲ್ಪಟ್ಟು ಅಸುನೀಗಿದನು.

ಮರುದಿನ ಮುಗಿತಾಯದ ಹೊತ್ತಿಗೆ ಇಕ್ಸನ ಫೋರ್ಡ್ ಮುಂದಿತ್ತು. ಅವನೂ ಜೊತೆಗಾರ ಜಾಕಿ ಆಲಿವರನೂ ಸುಮಾರು 5,000 ಕಿಲೋಮೀಟರು ಕ್ರಮಿಸಿದ್ದರು. ಹ್ಯಾನ್ಸ್ ಹೆರ್ಮನ್ನನ ಪೋರ್ಷೆ ಹಿಂದುಳಿದದ್ದು ಸುಮಾರು 120 ಮೀಟರು ಮಾತ್ರ! ನಮ್ಮ ಶಾಲೆಯ ಅಂಗಳದ ಎರಡು ಸುತ್ತೂ ಆಗಲಾರದು.

1970ರಲ್ಲಿ ಚಾಲಕರು ಮೊದಲೇ ಕುಳಿತು ಬೆಲ್ಟು ಬಿಗಿದುಕೊಂಡ ಮೇಲೆಯೇ ಪಂದ್ಯ ಆರಂಭವಾಯಿತು. ಊನೋದಿಯೇರ್ ಎಂಬ ನೇರ ಹಾದಿಯಲ್ಲಿ 1988ರಲ್ಲಿ ಒಂದು ಕಾರು ಗಂಟೆಗೆ 400 ಕಿಲೋಮೀಟರುಗಳ ವೇಗವನ್ನು ಮೀರಲು, 1990ರಲ್ಲಿ ಅಲ್ಲಿ ಎರಡು ಕಡೆ ವಕ್ರ ತಿರುವುಗಳನ್ನಿಟ್ಟರು. ಚೆನ್ನೈಯ ಕರುಣ್ ಚಂದೋಕರು 2012ರಲ್ಲಿ ಇಲ್ಲಿ ಓಡಿಸಿದ ಮೊದಲ ಭಾರತೀಯರೆನಿಸಿದರು. ಅವರ ತಂಡಕ್ಕೆ ಆರನೆಯ ಸ್ಥಾನ. ಪಂದ್ಯದ ದಿನಗಳು ಕಳೆದ ಮೇಲೆ ಆ ಹಾದಿಯಲ್ಲಿ ಮತ್ತೆ ಊರಿನವರ ಕಾರುಗಳೂ ಸರಕಿನ ಲಾರಿಗಳೂ ಓಡಾಡುತ್ತವೆ.