ತೇರಿನ ದಿನದ ಸುತ್ತು

ಬೆಳಗಿನ ಜಾವ ಮೂರೂವರೆ. ಹರಪನಹಳ್ಳಿ ದಾಟುವ ಮುಂಚೆಯೇ ಟೆಂಪೊ ಟ್ರಾವೆಲರಿನ ಬೆಳಕಿಗೆ ರಸ್ತೆಯಂಚಿನಲ್ಲಿ ಕಾಲುಗಳು ಕಾಣತೊಡಗುತ್ತವೆ. ಬರಿಗಾಲು, ಹವಾಯಿ ಚಪ್ಪಲಿ, ಬಟ್ಟೆ ಸುತ್ತಿದ ಹೆಬ್ಬೆರಳು. ಹರಿಹರದ ಕಡೆಯಿಂದ ಹೊರಟವರು ಕೊಟ್ಟೂರಿಗೆ ನಡೆಯುತ್ತಿದ್ದಾರೆ. ಇವತ್ತು ಮಾಘ ಬಹುಳದ ಮೂಲಾ ನಕ್ಷತ್ರ. ಸಂಜೆಗೆ ಗುರು ಕೊಟ್ಟೂರೇಶ್ವರನ ತೇರು.

ನೀವು ಮಾತ್ರ ಬೇರೆ ದಿಕ್ಕಿಗೆ ಹೊರಟಿದ್ದೀರಿ. ಮೊದಲು ಹಡಗಲಿ, ಆಮೇಲೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಅಲ್ಲಿಂದ ಸಂಡೂರಿನ ಗುಡ್ಡ, ಇಳಿಹೊತ್ತಿಗೆ ಕೊಟ್ಟೂರು. ಡ್ರೈವರೇ ಗೈಡು. ಹರಪನಹಳ್ಳಿಯವನು. ‘ನಮ್ಮೂರು ಬಿಟ್ಟು ಹೋಗಾಕ ನಾವು ಬಸ್ಸು ಹತ್ತಬೇಕಾಗಿಲ್ರಿ ಸರ, ಕುಂತಲ್ಲೇ ಮೂರು ಜಿಲ್ಲಾ ನೋಡೀವಿ’ ಎನ್ನುತ್ತಾನೆ. ಮಾತು ಸುಳ್ಳಲ್ಲ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ.

ಹಡಗಲಿಯ ಹತ್ತಿರ ಅವನು ಕಿಟಕಿಯ ಗಾಜು ಇಳಿಸಲು ಹೇಳುತ್ತಾನೆ. ಕಣ್ಣಿಗೆ ಇನ್ನೂ ಕತ್ತಲೆ, ಮೂಗಿಗೆ ಆಗಲೇ ಊರು ಬಂದಿದೆ. ಬದುವಿನ ಮೇಲೆ ನಡೆದು ತೋಟದೊಳಗೆ ಇಳಿದರೆ ಸೊಂಟದೆತ್ತರದ ಗಿಡಗಳ ನಡುವೆ ಬೆಳಕಿನ ಚುಕ್ಕಿಗಳು ಓಡಾಡುತ್ತವೆ. ಹೆಣ್ಣುಮಕ್ಕಳು ತಲೆಗೆ ಬ್ಯಾಟರಿ ಕಟ್ಟಿಕೊಂಡು ಮೊಗ್ಗು ಬಿಡಿಸುತ್ತಿದ್ದಾರೆ. ಬಿಸಿಲು ಬಿದ್ದರೆ ಮೊಗ್ಗು ಸಡಿಲವಾಗುತ್ತದೆ, ಸಡಿಲವಾದದ್ದಕ್ಕೆ ದರವಿಲ್ಲ. ಎರಡೂ ಕೈ ಒಟ್ಟಿಗೆ ಓಡುತ್ತವೆ. ಬೆರಳು ಮೊಗ್ಗನ್ನು ಹಿಡಿದದ್ದು ಕಾಣುವಷ್ಟರಲ್ಲಿ ಅದು ಉಡಿಯಲ್ಲಿರುತ್ತದೆ. ‘ಹಾವು ಬರೋದಿಲ್ಲೇನವ್ವಾ?’ ಎಂದು ನಿಮ್ಮ ಗುಂಪಿನವರೊಬ್ಬರು ಕೇಳುತ್ತಾರೆ. ‘ಬರ್ತಾವ. ಅವು ಅವುಗಳ ಪಾಡಿಗೆ, ನಾವು ನಮ್ಮ ಪಾಡಿಗೆ’ ಎಂದು ಉತ್ತರ ಬರುತ್ತದೆ. ಕೈ ನಿಲ್ಲುವುದಿಲ್ಲ.

ಒಂದು ಮೊಗ್ಗು ಕಿತ್ತು ನೋಡಿ. ಬಿಗಿಯಾಗಿದೆ, ಇಬ್ಬನಿಗೆ ತಣ್ಣಗಿದೆ. ಹಂಗಾಮು ಈಗಷ್ಟೇ ಶುರುವಾಗಿ ಗಿಡ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಹೂವು ಕಡಿಮೆ, ಹಾಗಾಗಿ ದರ ಚೆನ್ನಾಗಿದೆ. ಬೇಸಿಗೆಯಲ್ಲಿ ಹೂವು ಸುರಿಯುವಾಗ ದರ ನೆಲ ಕಚ್ಚುತ್ತದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೆ ಹಡಗಲಿ ಮಲ್ಲಿಗೆಗೂ ಜಿಐ ಮಾನ್ಯತೆ ಇದೆ. ಬುಟ್ಟಿ ಹೊತ್ತು ಬಸ್‌ಸ್ಟ್ಯಾಂಡಿಗೆ ಓಡುವ ಹೆಂಗಸಿಗೆ ಆ ಮಾನ್ಯತೆ ಎಷ್ಟು ರೂಪಾಯಿ ಹೆಚ್ಚಿಗೆ ತಂದಿದೆ ಎಂದು ಕೇಳುವ ಧೈರ್ಯ ನನಗಂತೂ ಇಲ್ಲ. ವಿಜಯನಗರದ ಅರಸರಿಗೆ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿತ್ತು ಎಂಬ ಕಥೆಯನ್ನು ಊರಲ್ಲಿ ಎಲ್ಲರೂ ಹೇಳುತ್ತಾರೆ. ಕೊಳ್ಳುವ ರಾಜಧಾನಿ 1565ರಲ್ಲಿ ಹಾಳಾಯಿತು, ಹೂವು ಹೋಗುವುದು ನಿಂತಿಲ್ಲ. ಈಗ ಬಸ್ಸಿನ ಟಾಪಿನ ಮೇಲೆ, ಸೀಟಿನ ಕೆಳಗೆ, ದಾವಣಗೆರೆಗೆ, ಹುಬ್ಬಳ್ಳಿಗೆ, ಹೊಸಪೇಟೆಗೆ.

ಗುಂಪಿನವರೊಬ್ಬರು ಒಂದು ಚೀಲ ಹೂವು ಕೊಂಡು ಗಾಡಿಯೊಳಗೆ ಇಡುತ್ತಾರೆ. ಹತ್ತು ನಿಮಿಷಕ್ಕೆ ಅದರ ಘಮಕ್ಕೆ ಎಲ್ಲರ ಕಣ್ಣೂ ತೂಗುತ್ತವೆ. ನಿಮ್ಮ ಈ ಸುತ್ತಿನ ಹಾಗೆ ಪಶ್ಚಿಮದ ದೇಶಗಳಲ್ಲಿ ಒಂದೇ ದಿನ ನೆಲದಡಿಯ ಗಣಿ, ವೈನ್ ತಯಾರಿಸುವ ತೋಟ, ಸನ್ಯಾಸಿಗಳ ಮಠ ಮೂರನ್ನೂ ತೋರಿಸುವ ಪ್ರವಾಸಗಳಿವೆ. ನಿಮ್ಮ ಸುತ್ತಿನಲ್ಲಿ ವೈನ್ ಇಲ್ಲ. ಅದೇ ಬೇಕಾದವರು ತುಂಗಭದ್ರೆಯ ಆಚೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ದಿಕ್ಕು ಹಿಡಿಯಬೇಕು, ಅಲ್ಲಿ ದ್ರಾಕ್ಷಿ ಬೆಳೆದು ಅಲ್ಲೇ ವೈನ್ ಮಾಡುವವರಿದ್ದಾರೆ. ಮತ್ತೇರಲು ನಿಮಗೆ ಈ ಚೀಲವೇ ಸಾಕು.

ಹಗರಿಬೊಮ್ಮನಹಳ್ಳಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಅಂಕಸಮುದ್ರದ ಕೆರೆಯ ಏರಿಯ ಮೇಲೆ ಕಾಲು ಗಂಟೆ. ನೀರಲ್ಲಿ ಮುಳುಗಿದ ಜಾಲಿ ಗಿಡಗಳ ತುಂಬ ಬಾಯ್ಕಳಕ ಕೊಕ್ಕರೆ, ನೀರುಕಾಗೆ. ಹಿಕ್ಕೆ ಬಿದ್ದು ಕೊಂಬೆಗಳೆಲ್ಲ ಸುಣ್ಣ ಬಳಿದ ಹಾಗಿವೆ. 2024ರಲ್ಲಿ ಈ ಕೆರೆ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಗಲಾಟೆ ಎಷ್ಟೆಂದರೆ ಗೈಡಿನ ಮಾತು ಕೇಳುವುದಿಲ್ಲ. ಹೊರಡಿ.

ಕೂಡ್ಲಿಗಿಯ ದಾರಿಯಲ್ಲಿ ಅವನು ಒಂದು ಹಳ್ಳಿಯೊಳಗೆ ಗಾಡಿ ತಿರುಗಿಸುತ್ತಾನೆ. ಹಳೆಯ ಮನೆ, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಅಜ್ಜ. ‘ಯಜ್ಜಾ, ಮಂದಿಗೆ ಹಗೇವು ತೋರಸಪಾ.’ ಅಜ್ಜ ನಿಮ್ಮನ್ನೆಲ್ಲ ಒಮ್ಮೆ ನೋಡಿ, ಅಂಗಳದ ಮೂಲೆಯ ಚಪ್ಪಡಿಯ ಮೇಲಿನ ಮಣ್ಣನ್ನು ಕಾಲಿನಿಂದ ಸರಿಸುತ್ತಾನೆ. ಇಬ್ಬರು ಹುಡುಗರು ಹಾರೆ ಹಾಕಿ ಕಲ್ಲು ಮೀಟುತ್ತಾರೆ. ನೆಲದಡಿ ಜೋಳ ಇಡುವ ಕುಣಿಗೆ ಒಬ್ಬ ಮನುಷ್ಯ ಮಾತ್ರ ತೂರಬಹುದಾದ ಬಾಯಿ. ಒಳಗಿನಿಂದ ಬೆಚ್ಚಗಿನ, ಹಳೆಯ ಗಾಳಿ ಮುಖಕ್ಕೆ ಬರುತ್ತದೆ. ಹುಳಿಯಾದ ಜೋಳದ, ಕೊಳೆತ ಹುಲ್ಲಿನ ವಾಸನೆ.

‘ಬಗ್ಗಬ್ಯಾಡ್ರಿ’ ಎಂದು ಅಜ್ಜ ಗದರುತ್ತಾನೆ. ಅವನ ಕಾಲದಲ್ಲಿ ಬಾಯಿ ತೆರೆದ ದಿನವೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಮುಚ್ಚಿದ ಕುಣಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿದಿರುತ್ತದೆ. ಹುಳ ಸಾಯುವುದೂ ಅದರಿಂದಲೇ, ಅವಸರದ ಆಳು ಸಾಯುತ್ತಿದ್ದದ್ದೂ ಅದರಿಂದಲೇ. ಕೆಳಗೆ, ಸುತ್ತಲೂ ಹುಲ್ಲು ಹೊಟ್ಟು ಕೊಟ್ಟು ನಡುವೆ ಜೋಳ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ಗೋಡೆಗೆ ತಾಗಿದ ಜೋಳ ಕಪ್ಪಾಗುತ್ತಿತ್ತು. ‘ಹಗೇವಿನ ಜ್ವಾಳದ ರೊಟ್ಟಿ ವಾಸನಿ ಬ್ಯಾರೆ. ಹೊಟ್ಟಿ ಹಸಿದವರಿಗೆ ವಾಸನಿ ಎಲ್ಲಿ?’ ಎನ್ನುತ್ತಾನೆ.

1876–78ರ ಬರ ಬಳ್ಳಾರಿ ಸೀಮೆಯನ್ನು ಹುರಿದು ಹಾಕಿತ್ತು. ಅಂಥ ಬರ ಕಂಡ ನೆಲದಲ್ಲಿ ಅಂಗಳದಡಿಯ ಈ ಕತ್ತಲೆಯೇ ಮನೆತನದ ಬ್ಯಾಂಕು. ಈ ದಿನ ನೀವು ನೋಡುವ ನೆಲದಡಿಯ ಗಣಿ ಇದೊಂದೇ, ಇದರ ಲೆಕ್ಕವೂ ಉಲ್ಟಾ: ಮೇಲಿನದನ್ನು ಒಳಗಿಟ್ಟು, ಊರಲ್ಲೇ ಉಳಿಸಿಕೊಳ್ಳುವ ಗಣಿ. ರೇಷನ್ ಅಕ್ಕಿ ಬಂತು, ಜೋಳದ ಹೊಲಕ್ಕೆ ಮೆಕ್ಕೆಜೋಳ ಬಂತು, ಮೆಕ್ಕೆಜೋಳ ಕಣದಿಂದ ನೇರ ಲಾರಿಗೆ. ಹಗೇವುಗಳನ್ನು ಮುಚ್ಚಿ ಮೇಲೆ ಕಾಂಕ್ರೀಟು ಹಾಕಿದರು. ಅಜ್ಜ ಇದನ್ನು ಯಾಕೆ ಉಳಿಸಿಕೊಂಡಿದ್ದಾನೆ? ಕೇಳಿದರೆ, ‘ಮುಚ್ಚಾಕ ಮಣ್ಣು ಹೊರೋರು ಯಾರು? ಮಕ್ಳು ಬೆಂಗಳೂರಾಗ ಅದಾರ’ ಎನ್ನುತ್ತಾನೆ.

ಕೂಡ್ಲಿಗಿಯಲ್ಲಿ ಗಾಡಿ ಐದು ನಿಮಿಷ ನಿಲ್ಲುತ್ತದೆ. ಗಾಂಧೀಜಿಯ ಚಿತಾಭಸ್ಮ ತಂದಿಟ್ಟು ಕಟ್ಟಿದ ಹುತಾತ್ಮರ ಸ್ಮಾರಕ ಇಲ್ಲಿದೆ. ಹೆದ್ದಾರಿಯಲ್ಲಿ ಹಾದುಹೋಗುವ ಬಹುಪಾಲು ಜನಕ್ಕೆ ಇದು ಗೊತ್ತಿಲ್ಲ.

ಸಂಡೂರಿನ ಕಡೆ ಏರುತ್ತ ಹೋದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ. ಮೊದಲು ರಸ್ತೆಯಂಚು ಕೆಂಪು, ಆಮೇಲೆ ಗಿಡದ ಎಲೆ ಕೆಂಪು, ಆಮೇಲೆ ಮುಂದಿನ ಲಾರಿಯ ಟಾರ್ಪಾಲು, ನಾಮಫಲಕ, ನಾಯಿ. ಗಾಜು ಏರಿಸಿದರೂ ಹಲ್ಲಿನ ನಡುವೆ ಏನೋ ಕರಕರ. ಗುಡ್ಡದ ಎದೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿದ್ದಾರೆ. ಹೊರದೇಶದ ಪ್ರವಾಸಿಯಂತೆ ಹೆಲ್ಮೆಟ್ ತೊಟ್ಟು ಸುರಂಗಕ್ಕೆ ಇಳಿಯುವ ಪ್ರಶ್ನೆ ಇಲ್ಲಿಲ್ಲ. ಇಲ್ಲಿಯ ಅದಿರು ಮೇಲೆಯೇ ಸಿಗುತ್ತದೆ, ಗುಡ್ಡವನ್ನು ನೆತ್ತಿಯಿಂದ ಕೆಳಗೆ ತೆಗೆಯುತ್ತಾರೆ. ಒಳಗೆ ಬಿಡುವುದೂ ಇಲ್ಲ. ಗೇಟಿನಾಚೆಯಿಂದ ನೋಡಿಕೊಳ್ಳಿ.

ದೋಣಿಮಲೆಯಲ್ಲಿ ಎನ್‌ಎಂಡಿಸಿ 1977ರಲ್ಲೇ ಅದಿರು ತೆಗೆಯಲು ಶುರು ಮಾಡಿತ್ತು. ಆದರೆ ಈ ಸೀಮೆ ಅದಿರಿನ ಹುಚ್ಚು ಕಂಡದ್ದು ಚೀನಾ ಕೊಳ್ಳಲು ನಿಂತ ಮೇಲೆ, ಹೊಸ ಶತಮಾನದ ಮೊದಲ ಹತ್ತು ವರ್ಷದಲ್ಲಿ. ಡ್ರೈವರು ಆಗ ಲಾರಿ ಕ್ಲೀನರ್. ‘ರಾತ್ರಿ ಹಗಲು ಗೊತ್ತಾಗ್ತಿರಲಿಲ್ರಿ. ಲಾರಿ ಸಾಲು ಹೆಂಗಂದ್ರ, ಒಂದರ ಬಾಲ ಇನ್ನೊಂದು ಕಚಗೊಂಡಂಗ. ದುಡ್ಡು ಎಣಸಾಕ ಟೈಮಿರಲಿಲ್ಲ, ಉಣ್ಣಾಕ ಇರಲಿಲ್ಲ.’ 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಎರಡೇ ದಿನಕ್ಕೆ, 29ರಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡವರ ಲಾರಿಗಳು ಮನೆ ಮುಂದೆ ತುಕ್ಕು ಹಿಡಿದವು. ಈಗ ಮಿತಿ ಹಾಕಿ ತೆಗೆಯುತ್ತಾರೆ. ಒಂದಷ್ಟು ಅದಿರು ಲಾರಿ ಬಿಟ್ಟು ಕೊಳವೆಯಂಥ ಕನ್ವೇಯರಿನಲ್ಲಿ ಸೀದಾ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ದೂಳು ಕಡಿಮೆ, ಕ್ಲೀನರುಗಳಿಗೆ ಕೆಲಸವೂ ಕಡಿಮೆ.

ಗಣಿಗಳ ನಡುವೆ, ಕಾಡು ಇನ್ನೂ ಉಳಿದಿರುವ ಕಡೆ, ಕುಮಾರಸ್ವಾಮಿಯ ಗುಡಿ. ಪಕ್ಕದಲ್ಲಿ ಚಾಲುಕ್ಯರ ಕಾಲದ ಪಾರ್ವತಿಯ ಗುಡಿ. ತಾಯಿಯ ಮೇಲೆ ಮುನಿದ ಮಗ ಕುಡಿದ ಹಾಲನ್ನೆಲ್ಲ ಕಾರಿ ಇಲ್ಲಿಗೆ ಬಂದು ಕೂತನಂತೆ, ಹಾಗಾಗಿ ಹೆಣ್ಣಿಗೆ ಅವನ ದರ್ಶನವಿಲ್ಲ. ನಿಮ್ಮ ಗುಂಪಿನ ಇಬ್ಬರು ಹೆಂಗಸರು ಪಾರ್ವತಿಯ ಮೆಟ್ಟಿಲ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಾರೆ. ‘ಸಿಟ್ಟು ಅವನದು, ಶಿಕ್ಷೆ ನಮಗ’ ಎಂದು ಒಬ್ಬರು ನಗುತ್ತಾರೆ. ಇನ್ನೊಬ್ಬರು ನಗುವುದಿಲ್ಲ.

ಕೊಟ್ಟೂರಿನ ದಾರಿಗೆ ಬೀಳುವಷ್ಟರಲ್ಲಿ ಮೂರು ಗಂಟೆ. ಊರು ಇನ್ನೂ ದೂರವಿದೆ, ಆಗಲೇ ಪೊಲೀಸರು ಗಾಡಿ ತಡೆಯುತ್ತಾರೆ. ಇಳಿದು ನಡೆಯಿರಿ. ದಾರಿಯುದ್ದಕ್ಕೂ ಶಾಮಿಯಾನ, ಮಜ್ಜಿಗೆ, ಬಾಳೆಹಣ್ಣು, ಮಂಡಕ್ಕಿ, ಅನ್ನ ಸಾರು. ‘ಬರ್ರಿ ಅಣ್ಣಾ, ಕುಡದು ಹೋಗ್ರಿ’ ಎಂದು ತೋಳು ಹಿಡಿದೇ ಎಳೆಯುತ್ತಾರೆ. ಬೇಡವೆಂದರೆ ಕೊಡುವವರ ಮುಖ ಸಣ್ಣದಾಗುತ್ತದೆ, ಕುಡಿಯಿರಿ. ಒಂದು ಶಾಮಿಯಾನದಲ್ಲಿ ಹುಡುಗರು ನಡೆದು ಬಂದ ಮುದುಕಿಯರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಬೆಳಗಿನ ಜಾವ ಹೆಡ್‌ಲೈಟಿನಲ್ಲಿ ಕಂಡಂಥ ಕಾಲುಗಳೇ.

ಬೇರೆ ದಿನವಾಗಿದ್ದರೆ ನಿಮ್ಮನ್ನು ಇಲ್ಲಿಂದ ಉಜ್ಜಿನಿಗೆ ಕರೆದೊಯ್ಯಬಹುದಿತ್ತು. ವೀರಶೈವ ಪಂಚಪೀಠಗಳಲ್ಲಿ ಒಂದು, ಕೆಂಪು ಅದರ ಬಣ್ಣ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎನ್ನುವ ಜನ ಸುಮ್ಮನೆ ಹೇಳಿಲ್ಲ. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕಲ್ಲಿನ ಕೆಲಸಕ್ಕೆ ಅರ್ಧ ದಿನ ಬೇಕು. ಜಾತ್ರೆಯಲ್ಲಿ ಶಿಖರದ ಮೇಲಿಂದ ಎಣ್ಣೆ ಸುರಿಯುತ್ತಾರೆ, ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರುವ ಎಣ್ಣೆ. ಇವತ್ತು ಅಲ್ಲಿಗೆ ಹೋಗಲಾಗದು.

ಕೊಟ್ಟೂರು ಮಠಗಳ ಊರು. ಹಿರೇಮಠ, ತೊಟ್ಟಿಲು ಮಠ, ಗಚ್ಚಿನ ಮಠ, ಮೂರುಕಲ್ಲು ಮಠ. ಕೊಟ್ಟೂರೇಶ್ವರ ಸ್ವಾಮಿಗೆ ಅಕ್ಬರನ ದರ್ಬಾರಿನಲ್ಲಿ ಮನ್ನಣೆ ಸಿಕ್ಕಿತ್ತೆಂಬ ಐತಿಹ್ಯವೂ ಇದೆ. ಸನ್ಯಾಸಿಗಳ ಮೌನ ಹುಡುಕಿ ಬಂದವರಿಗೆ ಇಲ್ಲಿ ನಿರಾಸೆ ಖಚಿತ: ಸಮಾಳ, ನಂದಿಕೋಲು, ಪೀಪಿ, ಕಳೆದುಹೋದ ಮಕ್ಕಳ ಹೆಸರು ಕೂಗುವ ಮೈಕು. ಗಚ್ಚಿನ ಮಠದ ಗೋಡೆಗೆ ಕೈಯಿಟ್ಟರೆ ಮಾತ್ರ ಸ್ವಲ್ಪ ತಂಪು.

ತೇರು ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಮನೆಗಳ ಮಾಳಿಗೆ, ಮರ, ನೀರಿನ ಟ್ಯಾಂಕು ಎಲ್ಲ ಕಡೆ ಜನ. ನಡುವೆ ತೇರು. 2017ರ ಫೆಬ್ರುವರಿಯಲ್ಲಿ ಹಳೆಯ ತೇರು ನಡುದಾರಿಯಲ್ಲೇ ಮಗುಚಿ ಬಿತ್ತು, ಹಲವರಿಗೆ ಪೆಟ್ಟಾಯಿತು. ಈಗಿನದು ಅದಾದ ಮೇಲೆ ಕಟ್ಟಿದ ಹೊಸದು. ಆದರೂ ಹತ್ತಿರ ನಿಂತವರು ಗಾಲಿ ನೋಡುವ ರೀತಿಯಲ್ಲಿ ಆ ದಿನ ಇನ್ನೂ ಇದೆ. ‘ಹಿಂದಕ್ಕ ಸರೀರಿ’ ಎಂದು ಡ್ರೈವರು ನಿಮ್ಮ ಅಂಗಿ ಹಿಡಿದು ಎಳೆಯುತ್ತಾನೆ.

ಪಲ್ಲಕ್ಕಿ ಬರುತ್ತದೆ. ಸ್ವಾಮಿ ತೇರೇರಿದರೂ ತೇರು ಹೊರಡುವುದಿಲ್ಲ. ದಲಿತ ಮನೆತನದ ಹೆಣ್ಣುಮಗಳೊಬ್ಬಳು ಬಂದು ಕಳಸದಾರತಿ ಬೆಳಗಬೇಕು; ಅದಾಗುವ ತನಕ ಮಿಣಿಗೆ ಯಾರೂ ಕೈ ಹಚ್ಚುವಂತಿಲ್ಲ. ಪಾರ್ವತಿಯ ಮೆಟ್ಟಿಲ ಮೇಲೆ ಕೂತಿದ್ದ ನಿಮ್ಮ ಗುಂಪಿನ ಇಬ್ಬರು ಹೆಂಗಸರಲ್ಲಿ ಒಬ್ಬಳು ತುದಿಗಾಲ ಮೇಲೆ ನಿಂತು ನೋಡುತ್ತಾಳೆ. ದೀಪ ಕಾಣುವುದಿಲ್ಲ. ಆದರೆ ಅದು ಬೆಳಗಿದ್ದು ಗೊತ್ತಾಗುತ್ತದೆ, ಏಕೆಂದರೆ ಮುಂದಿನಿಂದ ಹಿಂದಕ್ಕೆ ಒಂದು ಕೂಗು ಹರಿದು ಬರುತ್ತದೆ, ಮಿಣಿ ಬಿಗಿಯುತ್ತದೆ, ಸನ್ನೆ ಹಾಕುವವರು ಓಡುತ್ತಾರೆ, ಮರ ಕಿರ್ರೆನ್ನುತ್ತದೆ. ಬಾಳೆಹಣ್ಣು, ಉತ್ತತ್ತಿ ಗಾಳಿಯಲ್ಲಿ ಹಾರುತ್ತವೆ. ಒಂದು ನಿಮ್ಮ ಕನ್ನಡಕಕ್ಕೆ ಬೀಳುತ್ತದೆ. ಹೂವು, ಅದಿರು, ಮೆಕ್ಕೆಜೋಳ, ದುಡಿಯುವ ಮಕ್ಕಳು ಎಲ್ಲವನ್ನೂ ಹೊರಗೆ ಕಳಿಸಿಕೊಡುವ ಈ ಒಣ ಸೀಮೆಗೆ ಇಷ್ಟು ಜನ ಒಳಗೆ ಬರುವುದನ್ನು ನೋಡಬೇಕಾದರೆ ಈ ಒಂದು ಸಂಜೆ ಇಲ್ಲಿರಬೇಕು.

ತೇರು ನೆಲೆ ಮುಟ್ಟುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನೂಕುನುಗ್ಗಲು ಶುರುವಾಗಿದೆ. ದಾವಣಗೆರೆ, ದಾವಣಗೆರೆ! ಹೊಸಪೇಟಿ! ಕಂಡಕ್ಟರುಗಳ ಗಂಟಲು ಬಿದ್ದುಹೋಗಿದೆ. ಗಾಡಿ ನಿಲ್ಲಿಸಿದ ಕಡೆ ನಡೆದು ಬಂದರೆ ಬಾಗಿಲಿಗೆ ಒರಗಿ ಇಬ್ಬರು ಹುಡುಗರು ನಿಂತಿದ್ದಾರೆ, ಹಣೆಯ ತುಂಬ ವಿಭೂತಿ, ಹೆಗಲಿಗೆ ಬ್ಯಾಗು.

‘ಅಣ್ಣಾ, ದಾವಣಗೆರೆ ತನಕ ಎರಡು ಸೀಟು ಐತೇನ್ರಿ? ಬೆಂಗಳೂರು ರೈಲು ಹಿಡೀಬೇಕು. ನಾಳೆ ಡ್ಯೂಟಿ ಐತಿ.’

ಡ್ರೈವರು ನಿಮ್ಮ ಮುಖ ನೋಡುತ್ತಾನೆ. ‘ಹೂವಿನ ಚೀಲ ತೊಡಿ ಮ್ಯಾಲ ಇಟಗೊಂಡ್ರ ಆಗತೈತಿ ಸರ. ಏನಂತೀರಿ?’