ಗುಳೆ ಹೋದವರ ಊರಿನಲ್ಲಿ

ನೀವು ಮಂಗಳೂರು, ಉಡುಪಿ ಅಥವಾ ಬೆಂಗಳೂರಿನವರಾದರೆ ನಿಮ್ಮ ಮನೆಯ ಪಕ್ಕದಲ್ಲೂ ಒಂದು ಕಟ್ಟಡ ಏಳುತ್ತಿರಬಹುದು. ಅಲ್ಲಿ ತಲೆಯ ಮೇಲೆ ಜಲ್ಲಿ ಬುಟ್ಟಿ ಹೊತ್ತ ಹೆಂಗಸನ್ನು ಒಮ್ಮೆ ಕೇಳಿ ನೋಡಿ, ‘ಯಾವೂರವ್ವಾ?’ ಎಂದು. ‘ಕೊಪ್ಪಳ ಕಡೆಯವ್ರು ರೀ’ ಎಂಬ ಉತ್ತರ ಬಂದರೆ ಅಚ್ಚರಿಯಿಲ್ಲ. ಮಕ್ಕಳೆಲ್ಲಿ ಎಂದರೆ, ‘ಊರಾಗ ಅದಾವ್ರೀ, ನಮ್ಮತ್ತಿ ಕಡೆ’ ಎಂದು ಹೇಳಿ ಮುಖ ತಿರುಗಿಸಿಕೊಳ್ಳುತ್ತಾಳೆ. ಬನ್ನಿ, ಆಕೆಯ ಊರಿಗೆ ಒಮ್ಮೆ ಹೋಗಿ ಬರೋಣ.

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. 1948ರವರೆಗೆ ಇದು ಹೈದರಾಬಾದ್ ನಿಜಾಮರ ಸೀಮೆ. ಪಟ್ಟಣದ ಬಂಡೆಗಳ ಮೇಲೆ ಎರಡು ಕಡೆ ಅಶೋಕನ ಶಾಸನಗಳಿವೆ. ಊರಿನ ಕೋಟೆಯನ್ನು ಟಿಪ್ಪು ಸುಲ್ತಾನರು 1786ರಲ್ಲಿ ವಶಪಡಿಸಿಕೊಂಡು, ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದರು. ಇಟಗಿಯ ಮಹಾದೇವ ದೇವಾಲಯ 1112ರದ್ದು. ನೋಡಲು ಬಂದವರು ಇವನ್ನೆಲ್ಲ ನೋಡಿ ಹೋಗುತ್ತಾರೆ. ಬೀಗ ಹಾಕಿದ ಮನೆಗಳನ್ನು ಯಾರೂ ನೋಡುವುದಿಲ್ಲ.

ಪೂರ್ವಕ್ಕೆ ಗಂಗಾವತಿಯ ಕಡೆ ಹೊರಟರೆ ಕಣ್ಣು ಹರಿಯುವಷ್ಟು ದೂರ ಭತ್ತದ ಹಸಿರು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ಕೃಪೆ ಇದು. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿನ ರೈತರ ಎದೆ ನಡುಗಿತ್ತು. ನೀರಿದ್ದರೆ ನಾಟಿಗೆ, ಕೊಯ್ಲಿಗೆ, ಅಕ್ಕಿ ಗಿರಣಿಗೆ ಕೈಗಳು ಬೇಕು. ಬೇರೆ ಊರಿನವರೂ ಇಲ್ಲಿಗೆ ದುಡಿಯಲು ಬರುತ್ತಾರೆ.

ಆದರೆ ಕುಷ್ಟಗಿ, ಯಲಬುರ್ಗಾದ ಕಡೆ ತಿರುಗಿದೊಡನೆ ಚಿತ್ರ ಬದಲಾಗುತ್ತದೆ. ಇಲ್ಲಿ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿವೆ. ಸಜ್ಜೆ, ಹೆಸರು, ಜೋಳ, ಕಡಲೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಸುಗ್ಗಿ ಮುಗಿದ ಮೇಲೆ ಕೆಲಸವಿಲ್ಲ. ಆಗ ಹೊರಡುವುದೇ ಗುಳೆ. ಹಿಂದೆ 13ನೇ ರಾಷ್ಟ್ರೀಯ ಹೆದ್ದಾರಿ ಎನಿಸಿದ್ದ ರಸ್ತೆ ಸೊಲ್ಲಾಪುರದಿಂದ ಹೊರಟು ಕುಷ್ಟಗಿಯನ್ನು ಹಾದು ಮಂಗಳೂರಿನವರೆಗೂ ಹೋಗುತ್ತಿತ್ತು. ಎಷ್ಟೋ ತಂದೆ ತಾಯಂದಿರನ್ನು ಕರೆದೊಯ್ದ ದಾರಿ ಅದು. 2025ರಲ್ಲಿ ಕುಷ್ಟಗಿಗೆ ರೈಲೂ ಬಂತು. 2020ರ ಲಾಕ್‌ಡೌನ್‌ನಲ್ಲಿ ಇಂಥ ಕುಟುಂಬಗಳು ಗಂಟುಮೂಟೆ ಹೊತ್ತು ಊರಿಗೆ ಮರಳಿದ್ದನ್ನು ನೀವು ಮರೆತಿರಲಾರಿರಿ. ಮಳೆ ಬೀಳುವ ಹೊತ್ತಿಗೆ, ಹಬ್ಬಕ್ಕೆ, ಮದುವೆಗೆ ಅವರು ಬರುತ್ತಾರೆ, ಮತ್ತೆ ಹೊರಡುತ್ತಾರೆ.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ನದಾಫ ಮನೆತನದ ಅಜ್ಜಿಯೊಬ್ಬರ ಕಟ್ಟೆಯ ಮೇಲೆ ಕುಳಿತಿದ್ದೆ. ಆರು ವರ್ಷದ ಮೊಮ್ಮಗ ಅವರ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದ. ‘ಇವ ಮಲಗಿದ್ದಾಗ ಹೋದ್ರು ರೀ ಅವ್ವ ಅಪ್ಪ. ಎಚ್ಚರಿದ್ರ ಅಳ್ತಾನಂತ. ಈಗ ರಾತ್ರಿ ಮಲಗೂದ ಇಲ್ಲ. ತಾನು ಮಲಗಿದ್ರ ನಾನೂ ಹೊಕ್ಕೀನಿ ಅಂತ ತಿಳಿದಾನ’ ಎಂದರು ಆ ಅಜ್ಜಿ. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಹೋದರಿಯರೇ, ಆ ತಾಯಿಯನ್ನು ಕಲ್ಲೆದೆಯವಳೆಂದು ಹೇಳಬೇಡಿ. ಹಸಿದ ಮಗುವನ್ನು ನೋಡಲಾರದೆ ಹೋದವಳು ಆಕೆ. ಮಗು ಅಳಬಾರದೆಂದೇ ಹೇಳದೆ ಹೋದಳು. ಆದರೆ ಮಗುವಿಗೆ ಅಗಲಿಕೆಗಿಂತಲೂ ಹೇಳದೆ ಹೋದದ್ದೇ ದೊಡ್ಡ ಪೆಟ್ಟಾಯಿತು. ತಂದೆ ಗಲ್ಫಿಗೆ ಹೋದ ಮನೆಯಲ್ಲೂ, ತಲಾಕ್ ಅಥವಾ ಖುಲಾದಿಂದ ಎರಡಾದ ಮನೆಯಲ್ಲೂ ಮಗುವಿನ ಮನಸ್ಸಿನ ಪ್ರಶ್ನೆ ಒಂದೇ: ‘ನಾನೇನು ತಪ್ಪು ಮಾಡಿದೆ? ಇವರೂ ನನ್ನನ್ನು ಬಿಟ್ಟು ಹೋಗುತ್ತಾರೆಯೇ?’

ಆದ್ದರಿಂದ ಹೋಗುವ ಮೊದಲು ಮಗುವಿಗೆ ಹೇಳಿ. ಎಲ್ಲಿಗೆ, ಏಕೆ, ಯಾವಾಗ ಬರುತ್ತೇವೆ ಎಂಬುದನ್ನು ಅದಕ್ಕೆ ತಿಳಿಯುವಂತೆ ಹೇಳಿ. ತಾರೀಕು ತಿಳಿಯದ ಮಗುವಿಗೆ ‘ಈದ್‌ಗೆ ಬರ್ತೀವಿ’ ಎಂದರೆ ತಿಳಿಯುತ್ತದೆ. ಅಳಲಿ ಬಿಡಿ, ಅತ್ತು ಸಮಾಧಾನವಾಗಲಿ. ಫೋನಿಗೆ ಒಂದು ಹೊತ್ತು ಗೊತ್ತುಮಾಡಿ, ಆ ಹೊತ್ತು ತಪ್ಪಿಸಬೇಡಿ. ಬರೀ ಮಾರ್ಕಿನ ವಿಚಾರಣೆ ಬೇಡ. ಏನು ಉಂಡೆ, ಯಾರ ಜೊತೆ ಆಡಿದೆ ಎಂದು ಕೇಳಿ. ಅಣ್ಣ ತಂಗಿಯರನ್ನು ಬೇರೆ ಬೇರೆ ಮನೆಯಲ್ಲಿ ಬಿಡದಿರುವುದು ಲೇಸು. ಮಗು ಮತ್ತೆ ಹಾಸಿಗೆ ಒದ್ದೆ ಮಾಡಿದರೆ, ಮಾತು ಬಿಟ್ಟರೆ, ಸುಮ್ಮಸುಮ್ಮನೆ ಸಿಟ್ಟಾದರೆ ಹೊಡೆಯಬೇಡಿ. ಅದು ಹಟವಲ್ಲ, ಸಂಕಟ. ಮರಳಿ ಬಂದಾಗ ಅದು ಹತ್ತಿರ ಸುಳಿಯದಿದ್ದರೆ ನೊಂದುಕೊಳ್ಳದೆ ಕೆಲವು ದಿನ ತಾಳಿಕೊಳ್ಳಿ.

ಮಕ್ಕಳನ್ನು ಜೊತೆಗೆ ಕರೆದೊಯ್ಯುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಹೋದ ಊರಿನ ಸರಕಾರಿ ಶಾಲೆಯಲ್ಲಿ ಸೇರುವ ಹಕ್ಕಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಆಪತ್ತಿನಲ್ಲಿರುವ ಮಗುವಿಗಾಗಿ 1098ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಹಳ್ಳಿಯಲ್ಲಿ ಉಳಿದ ಅಜ್ಜಿಯರಿಗೂ ನಮ್ಮ ನೆರವು ಬೇಕು. ಶಾಲೆಯ ಸಭೆಗೆ, ಆಸ್ಪತ್ರೆಗೆ, ರೇಷನ್ ಅಂಗಡಿಗೆ ಆ ಮುದಿ ಕಾಲುಗಳೇ ಓಡಬೇಕು.

ಪ್ರವಾದಿ ಮೂಸಾ(ಅ)ರ ತಾಯಿಯ ವೃತ್ತಾಂತ ಪವಿತ್ರ ಕುರ್‌ಆನಿನಲ್ಲಿದೆ. ಕೂಸನ್ನು ಉಳಿಸಲಿಕ್ಕಾಗಿಯೇ ಆ ತಾಯಿ ಅದನ್ನು ನದಿಗೆ ಬಿಟ್ಟರು. ಅವರ ಎದೆ ಬರಿದಾಯಿತು. ಆದರೆ ಮಗುವನ್ನು ದೂರದಿಂದ ನೋಡುತ್ತಾ ಹಿಂಬಾಲಿಸಲು ಮಗಳನ್ನು ಕಳುಹಿಸಿದರು. ಆ ಅಕ್ಕನ ಕಣ್ಗಾವಲು ಮತ್ತು ಜಾಣ್ಮೆಯ ಮೂಲಕವೇ ಅಲ್ಲಾಹನು ಮಗುವನ್ನು ತಾಯಿಯ ಮಡಿಲಿಗೆ ಮರಳಿಸಿದನು.

ಗುಳೆ ಹೋದ ಮನೆಯ ಮಕ್ಕಳಿಗೂ ಅಂಥ ಅಕ್ಕಂದಿರು ಬೇಕು. ಹಳ್ಳಿಯಲ್ಲಿದ್ದರೆ ಸಂಜೆ ಆ ಮಗುವನ್ನು ನಿಮ್ಮ ಮಕ್ಕಳ ಜೊತೆ ಓದಲು ಕೂರಿಸಿಕೊಳ್ಳಿ. ನಗರದಲ್ಲಿದ್ದರೆ ಪಕ್ಕದ ಶೆಡ್ಡಿನ ತಾಯಿಯ ಫೋನಿಗೆ ಚಾರ್ಜು ಮಾಡಿಕೊಡಿ. ಕೊಪ್ಪಳದ ಯಾವುದೋ ಕಟ್ಟೆಯ ಮೇಲೆ ಒಂದು ಮಗು ಆ ಕರೆಗಾಗಿ ಕಾಯುತ್ತಿರಬಹುದು. ಅವ್ವನ ದನಿ ಕೇಳಿದರೆ ಅಂದು ರಾತ್ರಿ ಅದು ನಿದ್ದೆ ಮಾಡೀತು.