ರೀಬೂಟ್ ಆದರೂ ಓಡಬೇಕು

ಟರ್ಮಿನಲ್‌ನಲ್ಲಿ ‘ನೋಡ್ ಸರ್ವರ್.ಜೆಎಸ್’ ಎಂದು ಹೊಡೆದಿದ್ದೀರಿ. ಬ್ರೌಸರ್‌ನಲ್ಲಿ ಪುಟ ಸಲೀಸಾಗಿ ತೆರೆದಿದೆ. ಎಸ್‌ಎಸ್‌ಎಚ್ ಕಿಟಕಿ ಮುಚ್ಚುತ್ತೀರಿ. ಪುಟವೂ ಹೋಯಿತು. ನಿಮ್ಮ ಶೆಲ್ಲನ್ನು ನಂಬಿಕೊಂಡಿದ್ದ ಪ್ರೊಸೆಸ್ಸು ಅದರ ಹಿಂದೆಯೇ ನಡೆಯಿತು. ಇನ್ನು ಅದನ್ನು ಒಂದನೇ ನಂಬರಿನ ಪ್ರೊಸೆಸ್ಸಿಗೆ, ಅಂದರೆ ಸಿಸ್ಟಮ್‌ಡಿಗೆ, ವಹಿಸಬೇಕು.

ಸರ್ವರ್‌ನಲ್ಲಿರುವುದು ಡೆಬಿಯನ್ 12. ‘/ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್’ ಒಳಗೆ ಹೊಸ ಫೈಲು ತೆರೆಯುತ್ತೀರಿ. ಹತ್ತು-ಹನ್ನೆರಡು ಸಾಲು ಸಾಕು: ನೆಟ್‌ವರ್ಕ್ ಬಂದ ಮೇಲೆ ಶುರುವಾಗು, ಈ ಯೂಸರ್ ಹೆಸರಲ್ಲಿ ಓಡು (ರೂಟ್ ಅಂತೂ ಬೇಡ, ಅದಕ್ಕೆಂದೇ ಬೇರೆ ಖಾತೆ ಮಾಡಿದ್ದೀರಿ), ಕೆಟ್ಟು ನಿಂತರೆ ಮತ್ತೆ ಏಳು (‘ಆನ್-ಫೇಲ್ಯೂರ್’). ಲೆನಾರ್ಟ್ ಪಾಟರಿಂಗ್, ಕೇ ಸೀವರ್ಸ್ 2010ರಲ್ಲಿ ಸಿಸ್ಟಮ್‌ಡಿಯನ್ನು ತಂದಾಗಿನಿಂದ ಅದು ಬೈಸಿಕೊಂಡದ್ದು ಕಮ್ಮಿಯಲ್ಲ. ಬೈಯಲಿ ಬಿಡಿ, ಹಳೆಯ ಇನಿಟ್ ಸ್ಕ್ರಿಪ್ಟುಗಳನ್ನು ಕೈಯಾರೆ ಬರೆದವರು ಆ ಕಾಲಕ್ಕೆ ಮರಳಲು ಒಪ್ಪುವುದು ಅನುಮಾನ.

‘ಡೀಮನ್-ರೀಲೋಡ್’, ಆಮೇಲೆ ‘ಸ್ಟಾರ್ಟ್’. ‘ಸ್ಟೇಟಸ್’ ಕೇಳಿದರೆ ಕೆಂಪಕ್ಷರ: 203/ಎಕ್ಸೆಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಐದು ಸಲ ಎದ್ದು ಬಿದ್ದು, ಸಿಸ್ಟಮ್‌ಡಿ ಕೈಚೆಲ್ಲಿದೆ. ಹತ್ತು ಸೆಕೆಂಡಿಗೆ ಐದೇ ಪ್ರಯತ್ನ ಎಂಬುದು ಅದರ ಡಿಫಾಲ್ಟ್ ಲೆಕ್ಕ. ‘ಜರ್ನಲ್‌ಸಿಟಿಎಲ್’ ತೆರೆದು ಓದುತ್ತೀರಿ: ನೋಡ್ ಎಂಬ ಫೈಲೇ ಇಲ್ಲವಂತೆ! ಈಗ ತಾನೇ ಓಡಿತ್ತಲ್ಲ? ಓಡಿತ್ತು, ನಿಮ್ಮ ಶೆಲ್‌ನಲ್ಲಿ. ನೋಡ್ ಹಾಕಲು ನೀವು ಬಳಸಿದ್ದ ಎನ್‌ವಿಎಮ್ ಅದನ್ನು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಇಟ್ಟು, ದಾರಿಯನ್ನು ‘.ಬ್ಯಾಶ್‌ಆರ್‌ಸಿ’ಯಲ್ಲಿ ಬರೆದಿದೆ. ಸಿಸ್ಟಮ್‌ಡಿ ಆ ಫೈಲನ್ನು ಮೂಸಿಯೂ ನೋಡುವುದಿಲ್ಲ.

ಪೂರ್ತಿ ಪಾತ್ ಬರೆದು ಮತ್ತೆ ಸ್ಟಾರ್ಟ್. ಮತ್ತದೇ 203. ಈ ಸಲ ಲಾಗ್‌ನ ಮಾತು ಬೇರೆ: ಅನುಮತಿ ಇಲ್ಲ. ಡೆಬಿಯನ್ 12ರಲ್ಲಿ ಹೊಸ ಹೋಮ್ ಡೈರೆಕ್ಟರಿಗೆ ಸಿಗುವ ಅನುಮತಿ 0700, ಅಲ್ಲಿಗೆ ಸರ್ವಿಸ್ ಖಾತೆಗೆ ಪ್ರವೇಶವಿಲ್ಲ. ಅನುಮತಿ ಸಡಿಲಿಸುವ ಆಸೆ ಬೇಡ. ‘ಎಪಿಟಿ’ಯಿಂದ ನೋಡ್ ಹಾಕಿ, ‘/ಯುಎಸ್‌ಆರ್/ಬಿನ್/ನೋಡ್’ ಎಂದು ತಿದ್ದಿ, ಅಪ್ಲಿಕೇಶನ್ನನ್ನೂ ‘/ಆಪ್ಟ್’ ಡೈರೆಕ್ಟರಿಗೆ ಸಾಗಿಸುತ್ತೀರಿ. ಹಸಿರು ಚುಕ್ಕೆ ಬಂತು.

‘ಎನೇಬಲ್’ ಎಂದರೆ ಒಂದು ಸಿಮ್‌ಲಿಂಕ್, ಅಷ್ಟೇ. ಅದಿಲ್ಲದಿದ್ದರೆ ಬೂಟ್‌ನಲ್ಲಿ ಇದರ ಹೆಸರು ಕೂಗುವವರಿಲ್ಲ. ರೀಬೂಟ್ ಮಾಡುತ್ತೀರಿ, ಎಸ್‌ಎಸ್‌ಎಚ್ ಕಡಿಯುತ್ತದೆ. ತುಸು ಹೊತ್ತಿಗೆ, ಲಾಗಿನ್ ಆಗುವ ಮುಂಚೆಯೇ ಬ್ರೌಸರ್‌ನಲ್ಲಿ ಪುಟ ಹಾಜರು.

ಕೊನೆಗೊಂದು ಪರೀಕ್ಷೆ: ‘ಕಿಲ್ -9’. ಹೊಸ ಪಿಐಡಿಯೊಂದಿಗೆ ಎದ್ದಿತು. ಬರೀ ‘ಕಿಲ್’ ಕೊಟ್ಟರೆ ಏಳಲಿಲ್ಲ. ಅದು ಕಳಿಸುವ ಸಿಗ್‌ಟರ್ಮ್‌ಗೆ ಸತ್ತರೆ ‘ಆನ್-ಫೇಲ್ಯೂರ್’ ಲೆಕ್ಕದಲ್ಲಿ ಅದು ಸೋಲಲ್ಲ. ಫೈಲು ಮತ್ತೆ ತೆರೆದು, ‘ಆಲ್ವೇಸ್’ ಎಂದು ಬದಲಿಸುತ್ತೀರಿ.